ಮೂರು ಪುಟದ ಸೋಲು

ತೊಂಬತ್ತರ ದಶಕದಲ್ಲಿ ಗಲ್ಫಿನ ಹೂರಾ ಬಡಾವಣೆಯಲ್ಲಿದ್ದ ನಮ್ಮ ಟೈಪಿಂಗ್ ಅಂಗಡಿಯಿಂದ ಯಾರ ಬಯೋಡೇಟಾವೂ ಇದ್ದ ಹಾಗೆ ಹೊರಹೋದದ್ದಿಲ್ಲ. ಡ್ರೈವರುಗಳನ್ನೆಲ್ಲ ಟ್ರಾನ್ಸ್‌ಪೋರ್ಟ್ ಸೂಪರ್‌ವೈಸರ್ ಮಾಡಿದವನು ನಾನೇ. ಒಂದು ದಿನ ಅಮೆರಿಕದ ಸಣ್ಣ ಕಾಲೇಜುಗಳಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಆ ಫುಟ್‌ಬಾಲ್ ಕಲಿಸಿದ ಕೋಚ್ ಒಬ್ಬರು ಬಂದರು. ಅವರು ಬರೆದು ತಂದದ್ದರಲ್ಲಿ ವರ್ಷ ವರ್ಷದ ಸೋಲೂ ಇತ್ತು. ನಾನು ಗೆಲುವು ಮಾತ್ರ ಟೈಪ್ ಮಾಡಿದೆ. ನಾಲ್ಕು ಸಾಲಿಗೆ ಮುಗಿಯಿತು.

“ಸೋಲೆಲ್ಲಿ?” ಎಂದು ಗದರಿದರು.

“ಸೋತವರಿಗೆ ಯಾರು ಸರ್ ಕೆಲಸ ಕೊಡ್ತಾರೆ?”

“ಸೋಲುವ ತಂಡದವರೇ. ಗೆಲ್ಲುವವರ ಹತ್ತಿರ ಆಗಲೇ ಕೋಚ್ ಇರ್ತಾನೆ.”

ಮೂರು ಪುಟ ಹೊಡೆದುಕೊಟ್ಟೆ. ಪಕ್ಕದ ಜುಫೈರಿನಲ್ಲಿ, ಅಮೆರಿಕನ್ನರ ಒಂದು ತಂಡದಲ್ಲಿ ಅವರಿಗೆ ಕೆಲಸವೂ ಸಿಕ್ಕಿತು.

ಆ ಧೈರ್ಯದಲ್ಲಿ ನಾನೂ ‘ಎಸ್ಸೆಸ್ಸೆಲ್ಸಿ, ಮೂರನೇ ಸಲಕ್ಕೆ ಪಾಸ್’ ಎಂದು ನಿಜ ಬರೆದು ಐದು ಕಂಪನಿಗೆ ಕಳಿಸಿದೆ. ಒಬ್ಬರೂ ಕರೆಯಲಿಲ್ಲ. ಐದೂ ಗೆಲ್ಲುವ ಕಂಪನಿಗಳೇ ಇರಬೇಕು.