ಮೆಲ್ಲಣ್ಣನ ಎರಡನೇ ಗೇರು

ನನ್ನ ತಮ್ಮನಿಗೆ ಈಗ ನಲವತ್ತಾರು ವರ್ಷ. ಒಂದೇ ಒಂದು ದಿನ ಬಿಟ್ಟರೆ ಅವನು ಗಟ್ಟಿಯಾಗಿ ಮಾತಾಡಿದ್ದನ್ನು ಕೇಳಿದವರು ಯಾರಾದರೂ ಇದ್ದರೆ ಮುಂದೆ ಬರಲಿ, ಅವರ ಕಾಲಿಗೆ ಬೀಳುತ್ತೇನೆ. ಚಿಕ್ಕವನಿದ್ದಾಗ ಬಾಗಿಲ ಸಂದಿಗೆ ಬೆರಳು ಸಿಕ್ಕಿಕೊಂಡರೂ, "ಅಕ್ಕಾ, ಪುರುಸೊತ್ತಾದಾಗ ಈ ಬಾಗಿಲು ಸ್ವಲ್ಪ ತೆಗಿತೀಯಾ" ಎಂದು ಕೇಳಿದ ಆಸಾಮಿ ಅವನು. ನಮ್ಮ ಲಾಂಡ್ರಿಯ ಹೆಂಗಸರು ಅವನಿಗೆ ಮೆಲ್ಲಣ್ಣ ಎಂದು ಹೆಸರಿಟ್ಟಿದ್ದಾರೆ. ನನಗೆ ಏನು ಹೆಸರಿಟ್ಟಿದ್ದಾರೋ ಗೊತ್ತಿಲ್ಲ. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸಿಬಿಡುತ್ತಾರೆ.

ಲಾಂಡ್ರಿ ನನ್ನದು. ಬೆಟ್ಟದ ಮೇಲಿರುವ ಆಸ್ಪತ್ರೆಯ ಹಾಸಿಗೆ ಬಟ್ಟೆ, ಡಾಕ್ಟರುಗಳ ಕೋಟು, ಆಪರೇಷನ್ ಕೋಣೆಯ ಹಸಿರು ಬಟ್ಟೆ ಎಲ್ಲವನ್ನೂ ನಾವು ಒಗೆದು, ಒಣಗಿಸಿ, ಇಸ್ತ್ರಿ ಹಾಕಿ, ಗಂಟು ಕಟ್ಟಿ ಕಳಿಸುತ್ತೇವೆ. ಬೆಳಿಗ್ಗೆ ಒಂಬತ್ತರೊಳಗೆ ಗಂಟು ಮೇಲಿರಬೇಕು, ಇಲ್ಲದಿದ್ದರೆ ಅವರ ಆಪರೇಷನ್ ನಿಲ್ಲುತ್ತದೆ. ಅವನ್ನು ಒಯ್ಯುವವನು ನನ್ನ ತಮ್ಮ. ಗಾಡಿ ಹಳೆಯ ವ್ಯಾನು. ರಸ್ತೆ ಹದಿನಾಲ್ಕು ಕಿಲೋಮೀಟರು, ತಿರುವು ಹತ್ತೊಂಬತ್ತು, ಒಂದು ಕಡೆಯೂ ಇಳಿಜಾರಿಲ್ಲ.

ಆ ವ್ಯಾನನ್ನು ಅವನು ನೋಡಿಕೊಳ್ಳುವ ಚೆಂದ ನೋಡಿದರೆ ಅವನ ಹೆಂಡತಿಗೇ ಹೊಟ್ಟೆಕಿಚ್ಚಾಗುತ್ತದೆ. ಬೆಳಿಗ್ಗೆ ಅದರ ಕನ್ನಡಿ ಒರೆಸಿ, ದೀಪ ಒರೆಸಿ, ಬಾನೆಟ್ಟು ಸವರಿ, ಆಮೇಲೆ ತನ್ನ ಮುಖ ತೊಳೆಯುತ್ತಾನೆ. ಎಂಜಿನ್ ಜೋರಾಗಿ ಸದ್ದು ಮಾಡಿದರೆ ಅದಕ್ಕೆ ನೋವಾಗುತ್ತಿದೆ ಎಂಬುದು ಅವನ ನಂಬಿಕೆ. ಹಾಗಾಗಿ ಎಂಥ ಏರಿರಲಿ, ಆದಷ್ಟು ಬೇಗ ಮೇಲಿನ ಗೇರಿಗೆ ಹಾಕಿ, ಎಂಜಿನ್ನನ್ನು ಮೆಲ್ಲಗೆ ಗೊಣಗಿಸಿಕೊಂಡೇ ಹತ್ತುತ್ತಿದ್ದ.

"ಕಿರುಚಿಸಬಾರದು ಅಕ್ಕಾ. ಪಾಪ, ಅದಕ್ಕೂ ವಯಸ್ಸಾಯ್ತು," ಎನ್ನುತ್ತಿದ್ದ.

ಈ ಪಾಪ ಪುಣ್ಯದ ಫಲವಾಗಿ ಒಂದೇ ತಿಂಗಳಲ್ಲಿ ಎರಡು ಸಲ ಗಾಡಿ ಹನ್ನೊಂದನೇ ತಿರುವಿನಲ್ಲಿ ಕುದಿದು ನಿಂತಿತು. ಬಾನೆಟ್ಟಿನಿಂದ ಹಬೆ ಬುಸುಬುಸು ಎಂದು ಏಳುತ್ತಿದ್ದರೆ ಇವನು ಮೋಟುಗೋಡೆಯ ಮೇಲೆ ಕೂತು ಅದು ತಣ್ಣಗಾಗುವುದನ್ನು ಕಾದನಂತೆ. ಮೇಲೆ ರೋಗಿ ಟೇಬಲ್ಲಿನ ಮೇಲೆ ಮಲಗಿ ಕಾದನಂತೆ. ಎರಡು ಸಲವೂ ಹೆಡ್ ನರ್ಸು ಫೋನಿನಲ್ಲಿ ನನ್ನ ಜನ್ಮ ಜಾಲಾಡಿದರು. ಎರಡನೇ ಸಲ ನನಗೆ ಪಿತ್ತ ನೆತ್ತಿಗೇರಿ, "ನಾನೇನ್ ಮಾಡ್ಲಿ ಸಿಸ್ಟರ್, ನನ್ನ ತಮ್ಮ ಆಮೆ! ಡ್ರೈವರ್ ನಿಧಾನ, ಹಾಗಂತ ಬರ್ಕೊಳ್ಳಿ!" ಎಂದೆ. ಅವರು ಬರೆದುಕೊಂಡರು. ಬರೆದುಕೊಂಡು, "ಇನ್ನೊಂದು ಸಲ ತಡ ಆದ್ರೆ ಡ್ರೈವರನ್ನ ಬದಲಾಯಿಸಿ, ಇಲ್ಲಾಂದ್ರೆ ನಾವು ಲಾಂಡ್ರಿ ಬದಲಾಯಿಸ್ತೀವಿ," ಎಂದು ಫೋನಿಟ್ಟರು.

ನಾನು ಲೆಕ್ಕ ಹಾಕುತ್ತ ಕೂತೆ. ಲಾಂಡ್ರಿಯಲ್ಲಿ ಏಳು ಜನ ಹೆಂಗಸರಿದ್ದಾರೆ, ಅವರನ್ನು ಬೀದಿಗೆ ಬಿಡಲಾರೆ. ಹಾಗೆಂದು ಇವನನ್ನು ಸ್ಟೇರಿಂಗಿನಿಂದ ಇಳಿಸಿದರೆ ಇವನು ಎಲ್ಲಿಗೆ ಹೋಗಬೇಕು? ಹಾರ್ನು ಹೊಡೆಯಲೂ ನಾಚಿಕೊಳ್ಳುವ ಡ್ರೈವರನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

ವ್ಯಾನನ್ನೂ ತಮ್ಮನನ್ನೂ ಮೆಕ್ಯಾನಿಕ್ ಹತ್ತಿರ ಎಳೆದುಕೊಂಡು ಹೋದೆ. ಅವನು ಕೈ ಒರೆಸಿಕೊಳ್ಳುತ್ತ ಎಲ್ಲ ಕೇಳಿದ.

"ಏರಿನಲ್ಲಿ ಯಾವ ಗೇರು ಹಾಕ್ತೀಯಪ್ಪ?"

ತಮ್ಮ ಏನೋ ಹೇಳಿದ.

"ಆಂ?"

"ನಾಲ್ಕು ಅಂತೆ," ಎಂದು ನಾನೇ ಹೇಳಿದೆ.

ಮೆಕ್ಯಾನಿಕ್ ತಲೆ ಚಚ್ಚಿಕೊಂಡ. "ಅಲ್ಲಯ್ಯಾ, ಫ್ಯಾನು, ನೀರಿನ ಪಂಪು ಎರಡೂ ಎಂಜಿನ್ ಜೊತೆಗೇ ತಿರುಗೋದು. ನೀನು ಎಂಜಿನ್ನನ್ನ ತೂಕಡಿಸ್ಕೊಂಡು ಓಡಿಸಿದ್ರೆ ಅವೂ ತೂಕಡಿಸ್ತವೆ. ಭಾರ ಎಳೆಯೋವಾಗ ಅದಕ್ಕೆ ಉಸಿರು ಕಟ್ಟುತ್ತೆ, ಕುದಿಯದೆ ಇನ್ನೇನು? ಎರಡನೇ ಗೇರಲ್ಲಿ ಇಡು, ಕಾಲು ಒತ್ತು, ಕಿರುಚ್ಲಿ ಬಿಡು. ಕಿರುಚಿದ್ರೇನೇ ಅದಕ್ಕೆ ಆರಾಮ." ಆಮೇಲೆ ನನ್ನ ಕಡೆ ತಿರುಗಿ, "ಲೋಡು ಎಷ್ಟು ಹಾಕ್ತೀರಮ್ಮ?" ಎಂದ.

"ಬಟ್ಟೆ ತಾನೇ? ಬಟ್ಟೆಗೆ ಎಂಥ ಭಾರ!" ಎಂದು ಅವನ ಬಾಯಿ ಮುಚ್ಚಿಸಿ ಬಂದೆ.

ಮಾರನೇ ದಿನ ನಾನೇ ವ್ಯಾನಿನಲ್ಲಿ ಹೋಗುವುದೆಂದು ತೀರ್ಮಾನಿಸಿದೆ. ಇವನು ಒಬ್ಬನೇ ಹೋದರೆ ಎರಡನೇ ತಿರುವಿನಲ್ಲೇ ಕರುಣೆ ಉಕ್ಕಿ ನಾಲ್ಕನೇ ಗೇರಿಗೆ ಹಾಕುತ್ತಾನೆ ಎಂದು ನನಗೆ ಗೊತ್ತಿತ್ತು. ಬೆಳಿಗ್ಗೆ ಒಗೆಯುವ ಮಿಷನ್ನು ಧಡಧಡ ಸದ್ದು ಮಾಡುತ್ತಿತ್ತು. ಇಪ್ಪತ್ತನಾಲ್ಕು ಗಂಟು ವ್ಯಾನಿನೊಳಗೆ ಒಂದರ ಮೇಲೊಂದು ಒಟ್ಟಿ, ಬಾಗಿಲನ್ನು ಮೊಣಕಾಲಿಂದ ನೂಕಿ ಚಿಲಕ ಹಾಕಿದೆ. ತಮ್ಮ ಪಕ್ಕದಲ್ಲಿ ನಿಂತು ಎಂದಿನಂತೆ ಏನೋ ತುಟಿ ಅಲ್ಲಾಡಿಸಿದ. "ಆಯ್ತು ಆಯ್ತು, ಹತ್ತು," ಎಂದೆ.

ಎಂಟು ಗಂಟೆಗೆ ಹೊರಟೆವು. ಮೊದಲನೇ ತಿರುವಿನಲ್ಲೇ ಅವನ ಕೈ ಗೇರಿನ ಕಡೆ ಹೋಯಿತು. ಪಟ್ಟನೆ ಒಂದು ಏಟು ಕೊಟ್ಟೆ.

"ಎರಡೇ ಇರ್ಲಿ! ಒತ್ತು!"

ಒತ್ತಿದ. ಅಬ್ಬಬ್ಬಾ, ಆ ಎಂಜಿನ್ ಏನು ಕಿರುಚಿತು ಎನ್ನುತ್ತೀರಿ! ನನ್ನ ಹಲ್ಲುಗಳೆಲ್ಲ ಒಂದಕ್ಕೊಂದು ಕಟಕಟ ಹೊಡೆದುಕೊಂಡವು. ಬೇಲಿಯ ಪಕ್ಕ ಮೇಯುತ್ತಿದ್ದ ಹಸು ಹಗ್ಗ ಕಿತ್ತುಕೊಂಡು ಓಡಿತು. ತಮ್ಮನ ಕಣ್ಣಲ್ಲಿ ನೀರು. ತನ್ನ ಕುತ್ತಿಗೆಯನ್ನೇ ಯಾರೋ ಹಿಸುಕುತ್ತಿದ್ದಾರೆ ಎಂಬಂತೆ ಮುಖ ಮಾಡಿಕೊಂಡು ಕೂತಿದ್ದ. ಆದರೆ ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ನಿಂತಿತ್ತು. ಹನ್ನೊಂದನೇ ತಿರುವು ದಾಟಿತು. ನಾನು ಆ ಮೋಟುಗೋಡೆಗೆ ನಾಲಿಗೆ ಚಾಚಿ ಅಣಕಿಸಿದೆ.

ಹದಿನೈದನೇ ತಿರುವಿನ ಆಚೆ ಏರು ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಅಲ್ಲಿ ಮುಳ್ಳು ಅಲ್ಲಾಡಿತು. ಮೆಲ್ಲಮೆಲ್ಲಗೆ ಕೆಂಪಿನ ಕಡೆ ಸರಿಯತೊಡಗಿತು. ಇಲ್ಲಿ ನಿಂತರೆ ಇವನ ಕಥೆ ಮುಗಿಯಿತು.

"ಒತ್ತೋ! ಇನ್ನೂ ಒತ್ತು! ಕಾಲಲ್ಲಿ ಶಕ್ತಿ ಇಲ್ವಾ? ಅನ್ನ ತಿನ್ನಲ್ವಾ ನೀನು?"

"ಒತ್ತಿದ್ದೀನಿ ಅಕ್ಕಾ!"

ಯಾರು ಕಿರುಚಿದ್ದು ಎಂದು ಹಿಂದೆ ತಿರುಗಿ ನೋಡಿದೆ. ಹಿಂದೆ ಗಂಟುಗಳಿದ್ದವು, ಅಷ್ಟೇ.

"ಇನ್ನೂ ಒತ್ತಿದ್ರೆ ಕಾಲು ರಸ್ತೆಗೆ ತಾಗುತ್ತೆ!" ನನ್ನ ತಮ್ಮನೇ! ಎಂಜಿನ್ನಿಗಿಂತ ಒಂದು ಕೈ ಮೇಲೆ ಅವನ ದನಿ! "ಇದು ಹದಿನಾರು ಗಂಟಿನ ಗಾಡಿ! ನೀನು ಇಪ್ಪತ್ತನಾಲ್ಕು ತುಂಬ್ತೀಯ! ಎರಡು ಸಲ ಹೋಗ್ತೀನಿ, ಎರಡು ಭಾಗ ಮಾಡು ಅಂತ ಎಷ್ಟು ದಿನದಿಂದ ಹೇಳ್ತಿದ್ದೀನಿ!"

"ಯಾವಾಗ ಹೇಳಿದೆಯೋ?"

"ದಿನಾ! ದಿನಾ ಬೆಳಿಗ್ಗೆ! ಮಿಷನ್ ಪಕ್ಕ ನಿಂತು! ನೀನು ಆಯ್ತು ಆಯ್ತು ಹತ್ತು ಅಂತೀಯ! ಇವತ್ತೂ ಅಂದೆ!"

ಮನೆಯಲ್ಲಾಗಲಿ ಲಾಂಡ್ರಿಯಲ್ಲಾಗಲಿ ಕೂಗಾಟದ ಗುತ್ತಿಗೆಯನ್ನು ಹುಟ್ಟಿದಾಗಿನಿಂದ ನಾನೊಬ್ಬಳೇ ಹಿಡಿದಿದ್ದೆ. ಇವನಿಗೆ ಒಂದು ಮಾತು ಆಡಲು ಜಾಗವೆಲ್ಲಿತ್ತು? ನನಗೆ ಬಹಳ ನಾಚಿಕೆಯಾಯಿತು.

"ಈಗೇನ್ ಮಾಡೋದೋ?" ಎಂದೆ.

"ಸುಮ್ನೆ ಕೂತ್ಕೋ!" ಎಂದು ಅವನು ಅಬ್ಬರಿಸಿ ಮೊದಲನೇ ಗೇರಿಗೆ ಇಳಿಸಿದ. ಗಾಡಿ ಇನ್ನೂ ಮೇಲಿನ ಸ್ಥಾಯಿಯಲ್ಲಿ ಅರಚುತ್ತ, ನಡೆಯುವವರ ವೇಗದಲ್ಲಿ ಹತ್ತಿತು. ಮುಳ್ಳು ಕೆಂಪಿನ ಅಂಚಿನಲ್ಲಿ ನಿಂತಿತು, ದಾಟಲಿಲ್ಲ. ನಾನು ಸುಮ್ಮನೆ ಕೂತಿದ್ದೆ. ನನ್ನ ಗಂಡ ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು.

ಒಂಬತ್ತಕ್ಕೆ ಆರು ನಿಮಿಷವಿರುವಾಗ ಆಸ್ಪತ್ರೆಯ ಹಿಂಬಾಗಿಲಿಗೆ ಮುಟ್ಟಿದೆವು. ತಮ್ಮ ಹಾರಿ ಇಳಿದು ಗಂಟು ಹೊರತೊಡಗಿದ. ಹೆಡ್ ನರ್ಸು ಗಡಿಯಾರ ನೋಡಿ, ನನ್ನನ್ನು ನೋಡಿ, ಕಂಕುಳಿಂದ ರಿಜಿಸ್ಟರು ತೆಗೆದರು.

"ಇವತ್ತು ಸರಿಯಾಗಿ ಬಂದಿದ್ದೀರಿ, ಸಂತೋಷ. ಆದ್ರೆ ಹಿಂದಿನ ಎರಡು ಸಲದ ತಡಕ್ಕೆ ಮೇಲಿನವರು ಕಾರಣ ಕೇಳಿದ್ದಾರೆ. ಡ್ರೈವರ್ ನಿಧಾನ ಅಂತ ನೀವೇ ಬರೆಸಿದ್ದು. ಹಾಗಿದ್ರೆ ಅವರನ್ನ ಬದಲಾಯಿಸಲೇಬೇಕು ಅಂತಾರೆ. ಇಲ್ಲಿ ಸಹಿ ಹಾಕಿ."

ನನ್ನದೇ ಮಾತು, ಅವರ ದುಂಡಗಿನ ಅಕ್ಷರದಲ್ಲಿ ಎರಡು ಸಾಲು. ಪೆನ್ನು ಕೈಗೆ ಬಂತು. ಭುಜದ ಮೇಲೆ ಗಂಟು ಹೊತ್ತ ತಮ್ಮ ಪಕ್ಕದಲ್ಲೇ ಹಾದುಹೋದ. ಕೇಳಿಸಿಕೊಂಡಿದ್ದ, ಆದರೆ ತಲೆ ಎತ್ತಲಿಲ್ಲ.

"ತಪ್ಪು ಅವನದಲ್ಲ. ಭಾರ ಜಾಸ್ತಿ ತುಂಬಿದ್ದು ನಾನು," ಎಂದೆ.

"ಏನಂದ್ರಿ? ಕೇಳಿಸ್ಲಿಲ್ಲ."

ಇಡೀ ಬೀದಿಗೆ ಕೇಳಿಸುವ ನನ್ನ ದನಿ ಈ ಮಾತಿಗೆ ಮಾತ್ರ ತಮ್ಮನ ದನಿಯಷ್ಟಾಗಿತ್ತು. ಉಸಿರು ಎಳೆದುಕೊಂಡೆ.

"ತಪ್ಪು ನನ್ನದು! ಹದಿನಾರು ಗಂಟಿನ ಗಾಡಿಗೆ ಇಪ್ಪತ್ತನಾಲ್ಕು ತುಂಬಿದ್ದು ನಾನು! ಬೇಡ ಅಂತ ಅವನು ದಿನಾ ಹೇಳ್ತಿದ್ದ, ನಾನು ಕೇಳಿಸ್ಕೊಳ್ಳಲಿಲ್ಲ! ಹೊಡೆದುಹಾಕಿ ಆ ಸಾಲನ್ನ! ಲಾಂಡ್ರಿ ಯಜಮಾನಿ ಕಿವುಡಿ ಅಂತ ಬರ್ಕೊಳ್ಳಿ!"

ವರಾಂಡದ ಉದ್ದಕ್ಕೂ ಬಾಗಿಲುಗಳು ತೆರೆದವು. ಒಬ್ಬ ಡಾಕ್ಟರು ಹೊರಗೆ ಇಣುಕಿದರು. ಹೆಡ್ ನರ್ಸು ಎರಡೂ ಸಾಲುಗಳ ಮೇಲೆ ಗೀಟು ಎಳೆದರು.

ತಮ್ಮ ಗಂಟನ್ನು ಕೆಳಗಿಟ್ಟು ನನ್ನ ಹತ್ತಿರ ಬಂದ. ಮೂಗು ಕೆಂಪಾಗಿತ್ತು, ಕಣ್ಣು ತುಂಬಿತ್ತು. ತನ್ನ ಎಂದಿನ ದನಿಯಲ್ಲಿ, "ಮೆಲ್ಲಗೆ ಅಕ್ಕಾ, ರೋಗಿಗಳು ಮಲಗಿದ್ದಾರೆ," ಎಂದ.

ಅಷ್ಟು ಮೆಲ್ಲಗೆ ಹೇಳಿದ್ದೂ ನನಗೆ ಪೂರ್ತಿ ಕೇಳಿಸಿತು.