ಬೋಣಿಗೆ ಮೊದಲೊಂದು ಸೊನ್ನೆ

ಇವತ್ತು ಬೆಳಗ್ಗೆ ಪಕ್ಕದ ಅಂಗಡಿಯಲ್ಲಿ ಬಿಲ್ಲಿಗೆ ಮೊಹರು ಒತ್ತುತ್ತಿದ್ದರು. ಆ ನೇರಳೆ ಮಸಿಯ ವಾಸನೆ ಬಂದದ್ದೇ ತಡ, ಕೋಯಂಬೇಡು ಮಾರ್ಕೆಟಿನಲ್ಲಿ ನನ್ನ ಬಾಳೆಗೊನೆಗಳ ನಡುವೆ ಕೂತವನು ಎಗ್ಮೋರಿನ ಮಹಡಿಯೊಂದರ ಮೆಟ್ಟಿಲು ಹತ್ತಿಬಿಟ್ಟೆ. ನಿಮಗೂ ಹೀಗಾಗುತ್ತದಲ್ಲ, ಮೂಗು ಹೋದ ಕಡೆಗೆ ಮನಸ್ಸೂ ಹೊರಟುಬಿಡುವುದು?

ಆ ಮಹಡಿಯಲ್ಲಿ, ಇದೇ ಮಸಿಯ ವಾಸನೆಯ ನಡುವೆ, ಆಡಿಟರ್ ರಾಯರ ಆಫೀಸಿತ್ತು. ಅವರದು ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮನೆತನ. ಕನ್ನಡದ ನಡುನಡುವೆ ತಮಿಳು ಇಣುಕುತ್ತಿತ್ತು. ವರ್ಷಕ್ಕೊಮ್ಮೆ ನಾನು ಒಂದು ಚಿಪ್ಪು ರಸಬಾಳೆ ಹಿಡಿದು ಹೋಗುತ್ತಿದ್ದೆ. ಅವರು ನನ್ನ ಆದಾಯ ತೆರಿಗೆಯ ಕಾಗದ ಸಿದ್ಧಮಾಡಿ, ಸಹಿಯ ಜಾಗದಲ್ಲಿ ಪೆನ್ಸಿಲಿನ ಗುರುತು ಹಾಕಿಟ್ಟಿರುತ್ತಿದ್ದರು.

"ಇಲ್ಲೊಂದು ಕೈಯೆಳುತ್ತು ಹಾಕಪ್ಪಾ."

"ಇದರಲ್ಲಿ ಏನದೆ ಸ್ವಾಮಿ?"

"ಎಲ್ಲಾ ಸರಿಯಾಗಿದೆ, ನೀ ಹಾಕು."

ಸರಿಯಾಗಿಯೇ ಇರುತ್ತಿತ್ತು, ಎರಡು ಮಾತಿಲ್ಲ. ಆದರೆ ಆರನೇ ಕ್ಲಾಸಿಗೇ ಶಾಲೆ ಬಿಟ್ಟು, ಗೊನೆ ಹೊತ್ತು ಮೇಲೆ ಬಂದವನಿಗೆ ಒಂದು ಜಂಬ ಇರುತ್ತದೆ ನೋಡಿ. ಚಾಮರಾಜನಗರದಿಂದ ಬಂದು ಈ ಊರಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಓದದ ಕಾಗದಕ್ಕೆ ಸಹಿ ಹಾಕಿ ಮೆಟ್ಟಿಲಿಳಿಯುವಾಗ ಮಾತ್ರ ಮೀಸೆ ತುಸು ಕೆಳಗಾಗುತ್ತಿತ್ತು.

ಹೋದ ವರ್ಷ ಕಣ್ಣು ಮಂಜಾಗಿ ರಾಯರು ಆಫೀಸು ಮುಚ್ಚಿದರು. "ಇನ್ಮೇಲೆ ನೀನೇ ಸರ್ಕಾರದ ಪೋರ್ಟಲಲ್ಲಿ ಮಾಡ್ಕೊಪ್ಪಾ. ಫೀಸೇ ಇಲ್ಲ."

"ಓಸಿಯಾ? ನಾನು ಯಾರತ್ರನೂ ಓಸಿ ತಕ್ಕಂಡೋನಲ್ಲ ಸ್ವಾಮಿ," ಎಂದೆ. ಪುಕ್ಕಟೆಗೆ ಈ ಊರಿನವರು ಹೇಳುವ ಮಾತದು.

"ಅಡ ಹುಚ್ಚಪ್ಪಾ! ನಿನ್ನ ಗಡ್ಡ ನೀನೇ ಹೆರೆದುಕೊಂಡ್ರೆ ಅದು ಓಸಿಯಾ?"

ಆ ಮಾತು ನಾಟಿತು. ಈ ಸಲ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಕಲಿತೆ. ತಪ್ಪು ತುಂಬಿದ್ದು, ಅಳಿಸಿದ್ದು, ಪಾಸ್‌ವರ್ಡ್ ಮರೆತು ಫೋನಿಗೇ ಬೈದದ್ದು, ಒಂದೇ ಎರಡೇ! ಇವತ್ತು ಕೊನೆಯ ದಿನ. ನನ್ನ ತಮಾಷೆ ನೋಡಲೆಂದೇ ಕಾಲೇಜಿಗೆ ಮುಂಚೆ ಬಂದ ಮಗಳು ಪಕ್ಕದಲ್ಲಿದ್ದಳು. ಎಲ್ಲ ತುಂಬಿಯಾಗಿತ್ತು. ಕೊಡಬೇಕಾದ ತೆರಿಗೆ: ಸೊನ್ನೆ. ಒತ್ತಬೇಕಾದ್ದು ಒಂದೇ ಗುಂಡಿ. ಬೆರಳೆತ್ತಿದವನು ಹಾಗೇ ನಿಂತುಬಿಟ್ಟೆ. ಬೋಣಿಯೇ ಆಗಿಲ್ಲ!

ನಮ್ಮ ಮಾರ್ಕೆಟಿನಲ್ಲಿ ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಆಗುವ ತನಕ ಯಾರೂ ಸಾಲ ಕೊಡುವುದಿಲ್ಲ, ಪುಕ್ಕಟೆ ಕೊಡುವುದಿಲ್ಲ, ಬಾಯಲ್ಲಿ 'ಇಲ್ಲ' ಎಂದೂ ಅನ್ನುವುದಿಲ್ಲ. ಅಂಥದ್ದರಲ್ಲಿ ಬೆಳಗಿನ ಮೊದಲ ಕೆಲಸವೇ ಸೊನ್ನೆಗೆ ಒಪ್ಪಿಗೆಯೇ? ಮದುವೆಗಳಿಲ್ಲದ ತಮಿಳರ ಆಡಿ ತಿಂಗಳು ಬೇರೆ, ಗಿರಾಕಿಯ ಸುಳಿವಿಲ್ಲ.

"ಅಪ್ಪಾ, ಅಮುಕ್ಕುಂಗ!" ಒತ್ತಿ ಎಂದು ಮಗಳ ಅವಸರ. ನಾನು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ತಮಿಳೇ.

"ತಡಿ ಕನವ್ವ, ಬೋಣಿಯಾಗ್ಲಿ."

"ಅಯ್ಯೋ, ಲಾಗೌಟ್ ಆಯಿಡುಂ! ನಾನ್ ಅಮುಕ್ಕಟ್ಟುಮಾ?"

"ಮುಟ್ಟಿದ್ರೆ ನೋಡು! ನನ್ನ ಕೈಯಲ್ಲೇ ಆಗ್ಬೇಕು."

ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಿಹೋಗುತ್ತದೆಂಬ ಎಚ್ಚರಿಕೆ ಪರದೆಯ ಮೇಲೆ ಬಂತು. ಮುಚ್ಚಿದರೆ, ಕೊನೆಯ ದಿನದ ನೂಕುನುಗ್ಗಲಿನಲ್ಲಿ ಮತ್ತೆ ತೆರೆಯುವ ಭರವಸೆಯಿಲ್ಲ. ಮಗಳು ಅಂಗಡಿಯಿಂದಾಚೆ ಹಾರಿ, ಸೊಂಟಕ್ಕೆ ಕೈಯಿಟ್ಟು ಗಿರಾಕಿಯ ಹಾಗೆ ನಿಂತಳು.

"ಅಣ್ಣಾ, ಒಂದು ಚಿಪ್ಪು ಎಷ್ಟು?" ಕನ್ನಡದಲ್ಲಿ ಕೇಳಿದಳು, ಗೊತ್ತಾ!

"ಐವತ್ತು," ಬಾಯಿ ತಾನಾಗಿ ಹೇಳಿತು.

"ಜಾಸ್ತಿ ಆಯ್ತು. ನಲವತ್ತು."

"ಬೋಣಿ ಟೈಮಲ್ಲಿ ಚೌಕಾಸಿ ಮಾಡ್ಬ್ಯಾಡ ಕನಮ್ಮ, ಸರಿ, ಕೊಡು!"

ಅವಳು ಕೊಟ್ಟ ಇಪ್ಪತ್ತರ ಎರಡು ನೋಟು ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದೆ. ಒಂದು ಕ್ಷಣ ಚಕ್ರ ತಿರುಗಿತು. ಆಮೇಲೆ ಹಸಿರು ಟಿಕ್ ಮೂಡಿತು!

ನನ್ನ ಕೂಗಿಗೆ ಎದುರಿನ ನಿಂಬೆಹಣ್ಣಿನ ಮುರುಗನ್ ಓಡಿಬಂದ. ವಿಷಯ ತಿಳಿದು, ತನ್ನ ಫೋನನ್ನೂ ನನ್ನ ಕೈಗೆ ತುರುಕಿದ. "ಎನಕ್ಕುಂ ಪೋಟ್ಟು ಕುಡುಂಗಣ್ಣೆ." ತನ್ನದನ್ನೂ ನಾನೇ ಹಾಕಿಕೊಡಬೇಕಂತೆ.

ಫೋನನ್ನು ಅವನ ಕೈಗೇ ವಾಪಸಿಟ್ಟು, ಖಾಲಿ ಕ್ರೇಟಿನ ಮೇಲೆ ಕೂರಿಸಿದೆ. ಪಕ್ಕದಲ್ಲಿ ಕೂತು ಒಂದೊಂದೇ ಸಾಲನ್ನು ಜೋರಾಗಿ ಓದಿ, ಅರ್ಥ ಹೇಳತೊಡಗಿದೆ. ಒತ್ತುವುದು ಮಾತ್ರ ಅವನೇ.