ಹತ್ತು ಮಾರು ನೀರಿನ ಮರುಕೂಗು

ಸಮುದ್ರ ಕರೆಯುತ್ತದೆ, ಕತ್ತಲಲ್ಲಿ ದನಿ ಕೇಳಿಸುತ್ತದೆ ಎನ್ನುವವರ ಜೊತೆ ವಾದಕ್ಕೆ ಕುಳಿತು ಗೆದ್ದ ಹೆಮ್ಮೆ ನನಗಿತ್ತು. ನಮ್ಮ ಕಡೆಯ ದೈವಕ್ಕೆ ಕೈಮುಗಿಯುವುದು ಬೇರೆ ಮಾತು; ನಾನೂ ಮುಗಿಯುತ್ತೇನೆ. ಆದರೆ ಯಾರದೋ ಅನುಭವವೆಂದು ಬಾಯಿಂದ ಬಾಯಿಗೆ ಬಂದ ಕಥೆಗಳನ್ನು ಬಿಡಿಸಿ ನೋಡಿದಾಗ ಅಲ್ಲಿ ಹೆಚ್ಚಾಗಿ ಹೆಂಡ, ನಿದ್ದೆಗೇಡು ಅಥವಾ ಯಾರದೋ ಸ್ವಾರ್ಥವೇ ನನಗೆ ಕಂಡಿದೆ. ಈಗ ನಾನು ಹೇಳಹೊರಟಿರುವುದನ್ನು ಬೇರೆಯವರು ಹೇಳಿದ್ದರೆ ಅದನ್ನೂ ಹಾಗೆಯೇ ಬಿಡಿಸಿ ಹಾಕುತ್ತಿದ್ದೆ. ಓದುಗರು ನನ್ನನ್ನು ನಂಬಬೇಕೆಂದು ಕೇಳುತ್ತಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ನನ್ನ ಶಾಲೆಯ ಓದು ಏಳನೆಯ ತರಗತಿಗೆ ಮುಗಿಯಿತು. ಅನಂತರ ಮಲ್ಪೆಯಿಂದ ಹೆಂಚು, ಉಪ್ಪು ಹೊತ್ತು ಹೋಗುವ, ಮಂಜಿ ಎಂಬ ಹಾಯಿದೋಣಿಗಳಲ್ಲಿ ದುಡಿದೆ. ಮಂಜಿಗಳ ಕಾಲ ತೀರಿದ ಮೇಲೆ ಸಿಂಗಾಪುರಕ್ಕೆ ಬಂದು ಹಡಗು ದುರಸ್ತಿಯ ಕಾರ್ಖಾನೆಯೊಂದರಲ್ಲಿ ನಿವೃತ್ತಿಯವರೆಗೆ ಇದ್ದೆ. ಇಂಗ್ಲಿಷನ್ನು ಟೋವಾ ಪಾಯೋದ ಗ್ರಂಥಾಲಯದಲ್ಲಿ ಕುಳಿತು ಕಲಿತೆ. ಕಲಿತ ಮೇಲೆ ಓದಿದ್ದೆಲ್ಲ ಹಡಗುಗಳ ಚರಿತ್ರೆಯನ್ನೇ. ಗುರುಗಳಿಲ್ಲದೆ ಓದಿದವನಿಗೆ ಒಂದು ಗುಣ ಬರುತ್ತದೆ, ಅದನ್ನು ದೋಷವೆಂದರೂ ಸರಿ. ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಅವನು ಏನನ್ನೂ ಒಪ್ಪುವುದಿಲ್ಲ. ಇದನ್ನು ಬರೆದವರು ಯಾರು, ಹೀಗೆ ಬರೆದದ್ದರಿಂದ ಯಾರಿಗೆ ಅನುಕೂಲವಾಯಿತು ಎಂದು ಕೇಳುತ್ತಾನೆ.

ಹಾಗೆ ಕೇಳುತ್ತ ಹೋದಾಗ ಎದುರಾದವನು ಒಬ್ಬ ಫ್ರೆಂಚ್ ನೌಕಾಧಿಕಾರಿ. ಹಾಯಿಹಡಗುಗಳ ಕಾಲದವನು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಈಗಾಗಲೇ ಬೇಕಾದಷ್ಟು ಮಾತುಗಳು ಅಂಟಿಕೊಂಡಿವೆ. ಅದರಲ್ಲಿ ನನ್ನ ಪಾಲೂ ಇದೆ.

ಅವನು ಫ್ರಾನ್ಸಿನ ಬ್ರಿಟನಿ ಸೀಮೆಯ ಒಂದು ಸಣ್ಣ ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವವನ ಮಗ. ಮೀಸೆ ಮೂಡುವ ಮೊದಲೇ ವ್ಯಾಪಾರದ ಹಡಗು ಹತ್ತಿದ. ಯುದ್ಧ ಬಂದು ಅಧಿಕಾರಿಗಳು ಸಾಲದೆ ಹೋದಾಗ ರಾಜನ ನೌಕಾಪಡೆ ಅಂಥವರನ್ನು ಕರೆದು ಕೆಲಸ ಕೊಟ್ಟಿತು, ಸಮಾನತೆಯನ್ನು ಕೊಡಲಿಲ್ಲ. ಕುಲೀನ ಮನೆತನದ ಅಧಿಕಾರಿಗಳು ಅವರ ಜೊತೆ ಊಟದ ಮೇಜಿಗೆ ಕೂರಲೂ ಹಿಂಜರಿಯುತ್ತಿದ್ದರಂತೆ. ಇವನು ಅದನ್ನೆಲ್ಲ ನುಂಗಿಕೊಂಡು ಪುದುಚೇರಿಯ ಕಡಲಿನಲ್ಲಿ, ಮಾಹೆಯ ತೀರದಲ್ಲಿ ವರ್ಷಗಟ್ಟಲೆ ದುಡಿದು ಕೊನೆಗೆ ಒಂದು ಯುದ್ಧನೌಕೆಯ ಕಪ್ತಾನನಾದ. ಚೀನಾದ ಕಡೆ ಹೊರಟಿದ್ದ ಆ ಹಡಗನ್ನು ಇಲ್ಲಿಯ ಜಲಸಂಧಿಯಲ್ಲಿ ಹವಳದ ದಿಬ್ಬಕ್ಕೆ ಹತ್ತಿಸಿ ಕಳೆದುಕೊಂಡ. ಅನೇಕರು ಸತ್ತರು. ಇವನು ಬದುಕಿದ.

ವಿಚಾರಣೆಯಲ್ಲಿ ಚುಕ್ಕಾಣಿಯವನು ಹೇಳಿದ್ದು ಇಷ್ಟು: ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ನೀರಿಗೆ ಬಿಟ್ಟು ಆಳ ನೋಡುತ್ತಿದ್ದವನು ಸಾಕಷ್ಟು ನೀರಿದೆ ಎಂದು ಕೂಗಿದ, ಆದರೆ ಕಪ್ತಾನನೇ ತನ್ನ ಬಾಯಿಂದ ಅದರ ಅರ್ಧದಷ್ಟೇ ಆಳ ಎಂದು ಕೂಗಿದ, ಅದನ್ನು ಕೇಳಿ ನಾನು ಹಡಗನ್ನು ತಿರುಗಿಸಿದೆ, ತಿರುಗಿದ ಕಡೆಯೇ ದಿಬ್ಬವಿತ್ತು. ಕಪ್ತಾನ ಮಾತ್ರ ತಾನು ಬಾಯಿಯನ್ನೇ ತೆರೆಯಲಿಲ್ಲವೆಂದು ಆಣೆ ಮಾಡಿದ. ಕೂಗು ತನಗೂ ಕೇಳಿಸಿತು, ಅದು ತನ್ನ ದನಿಯೇ, ತನ್ನೂರಿನ ಆಡುಮಾತೇ, ಆದರೆ ಕೂಗಿದ್ದು ತಾನಲ್ಲ ಎಂದ. ನ್ಯಾಯಾಧೀಶರು ನಕ್ಕರು. ಕುಡಿದಿದ್ದ ಇಲ್ಲವೇ ಸುಳ್ಳು ಹೇಳಿದ ಎಂದು ತೀರ್ಮಾನಿಸಿ ಪಡೆಯಿಂದ ಹೊರಹಾಕಿದರು. ಕೊನೆಗಾಲದಲ್ಲಿ ಅವನು ಮಾತೇ ನಿಲ್ಲಿಸಿದ್ದ, ಕೈಸನ್ನೆಯಲ್ಲೇ ದಿನ ಕಳೆದ ಎಂಬ ಒಂದು ಸಾಲೂ ಇದೆ.

ನಾನು ಇದನ್ನು ಒಪ್ಪಲಿಲ್ಲ. ಕುಲೀನರು ಚುಕ್ಕಾಣಿಯವನಿಗೆ ಹೇಳಿಕೊಟ್ಟು ಸಾಕ್ಷಿ ನುಡಿಸಿದರು. ‘ದನಿ ಕೇಳಿಸಿತು’ ಎಂಬ ಮಾತನ್ನು ಇವನ ಬಾಯಿಗೆ ತುರುಕಿ ಹುಚ್ಚನನ್ನಾಗಿ ಮಾಡಿದರು. ಇದು ನನ್ನ ವಾದ. ಇಲ್ಲಿಯ ಕನ್ನಡಿಗರ ಕೂಟದವರು ಭಾನುವಾರದ ಒಂದು ಉಪನ್ಯಾಸ ಕೊಡಿ ಎಂದಾಗ ನಾನು ಈ ವಿಷಯವನ್ನೇ ಆರಿಸಿದೆ. ಒಬ್ಬ ಸತ್ತವನ ಮಾನವನ್ನು ಅವನಿಗೆ ಹಿಂದಿರುಗಿಸುತ್ತಿದ್ದೇನೆ ಎಂದು ನಿಜವಾಗಿಯೂ ನಂಬಿದ್ದೆ.

ನಾವಿರುವುದು ಹೌಗಾಂಗ್‌ನಲ್ಲಿ, ಮಗಳ ಮನೆಯಲ್ಲಿ. ಮೊಮ್ಮಗಳು ದಿಯಾ ಆಗ ಪಾಲಿಟೆಕ್ನಿಕ್ ಓದುತ್ತಿದ್ದಳು. ಬರೀ ಮಾತಾಡಿದರೆ ಜನ ಮಲಗುತ್ತಾರೆ, ಗುಂಡು ಬಿಡುವುದನ್ನು ವಿಡಿಯೋ ಮಾಡಿ ತೋರಿಸೋಣ ಎಂದು ಸಲಹೆ ಕೊಟ್ಟವಳು ಅವಳೇ. ಮಂಜಿಯ ಕಾಲದ ಒಂದು ಸೀಸದ ಗುಂಡು ನನ್ನ ಬಳಿ ಇತ್ತು. ಅದರ ತಳದಲ್ಲಿ ಒಂದು ಕುಳಿ. ಕುಳಿಗೆ ಕೊಬ್ಬು ಮೆತ್ತಿ ಬಿಟ್ಟರೆ ತಳದ ಕೆಸರೋ ಮರಳೋ ಅಂಟಿಕೊಂಡು ಬರುತ್ತದೆ. ದೋಣಿ ವಾಸುವಿನದು. ಅವನು ಮಲ್ಪೆಯವನೇ, ನನಗಿಂತ ಚಿಕ್ಕವನು, ಹುಡುಗನಾಗಿದ್ದಾಗ ಮಂಜಿಯಲ್ಲಿ ಚುಕ್ಕಾಣಿ ಹಿಡಿದವನು. ಇಲ್ಲಿ ದಕ್ಷಿಣದ ದ್ವೀಪಗಳಿಗೆ ಮೀನು ಹಿಡಿಯುವ ಹವ್ಯಾಸಿಗಳನ್ನು ಎಂಜಿನ್ ದೋಣಿಯಲ್ಲಿ ಕರೆದೊಯ್ಯುತ್ತಿದ್ದ.

ಮಂಜಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗದು. ಮುಂದೆ ನಿಂತು ಗುಂಡು ಬಿಟ್ಟವನು ಆಳವನ್ನು ಮಾರಿನ ಲೆಕ್ಕದಲ್ಲಿ ತುಳುವಿನಲ್ಲಿ ಕೂಗಬೇಕು. ಚುಕ್ಕಾಣಿಯವನು ಅದೇ ಆಳವನ್ನು ತಿರುಗಿ ಕೂಗಬೇಕು. ಆ ಮರುಕೂಗು ಬಂದ ಮೇಲೆಯೇ ಗುಂಡನ್ನು ಮತ್ತೆ ಬಿಡುವುದು. ನೀರು ಒಮ್ಮೆಗೇ ಅರ್ಧಕ್ಕಿಳಿಯಿತೆಂದು ಕೂಗು ಬಂದರೆ ಚುಕ್ಕಾಣಿಯವನು ಮರುಕೂಗು ಕೊಟ್ಟು, ಹೌದೇ ಅಲ್ಲವೇ ಎಂದು ಕೇಳದೆ, ಹೊರಸಮುದ್ರದ ಕಡೆಗೆ ತಿರುಗಿಸಿಬಿಡಬೇಕು. ಪ್ರಶ್ನೆ ಕೇಳುವಷ್ಟರಲ್ಲಿ ಹಲಗೆ ಒಡೆದಿರುತ್ತದೆ. ಈ ಅಭ್ಯಾಸ ಕಿವಿಯಿಂದ ನೇರವಾಗಿ ಕೈಗೆ ಇಳಿದಿರುತ್ತದೆ, ವಯಸ್ಸಾದರೂ ಹೋಗುವುದಿಲ್ಲ.

ಆ ದಿನ ಊರೆಲ್ಲ ಪಕ್ಕದ ದೇಶದಲ್ಲಿ ಸುಡುತ್ತಿದ್ದ ಕಾಡುಗಳಿಂದ ಬಂದ ಹೊಗೆ ಕವಿದಿತ್ತು. ಹೊರಡುವಾಗ ತೆಳುವಾಗಿದ್ದದ್ದು ಸಂಜೆಯಾಗುತ್ತ ದಟ್ಟವಾಯಿತು. ಸೂರ್ಯ ಕಿತ್ತಳೆಯ ಬಿಲ್ಲೆಯಂತೆ ತೂಗುತ್ತಿದ್ದ. ಅದರಿಂದ ಬೆಳಕೇನೂ ಬರುತ್ತಿರಲಿಲ್ಲ. ದ್ವೀಪಗಳ ಅಂಚು ಅಳಿಸಿಹೋಗಿತ್ತು. ಸುಟ್ಟ ಸೌದೆಯ ವಾಸನೆ ನೀರಿನ ಮೇಲೂ ಇತ್ತು. ದಿಯಾ ದೋಣಿಯ ಮೂತಿಯಲ್ಲಿ, ಕಂಬಿಯ ಹೊರಗೆ ಕಾಲು ಇಳಿಬಿಟ್ಟು, ಫೋನನ್ನು ನನ್ನ ಕಡೆ ಹಿಡಿದು ಕುಳಿತಿದ್ದಳು.

“ಅಜ್ಜ, ಕ್ಯಾಮೆರಾ ನೋಡ್ಬೇಡಿ. ನ್ಯಾಚುರಲ್ ಆಗಿ ಎಸೀರಿ ಲಾ,” ಎಂದಳು, ಇಲ್ಲಿಯ ಮಕ್ಕಳ ‘ಲಾ’ ಸೇರಿಸಿ.

“ನಿನ್ನಜ್ಜ ನ್ಯಾಚುರಲ್ ಆಗಿರೋದು ಜಗಳ ಆಡುವಾಗ ಮಾತ್ರ ಮಾರಾಯ್ತಿ,” ಎಂದ ವಾಸು ಹಿಂದಿನಿಂದ. ಆಳ ತೋರಿಸುವ ಯಂತ್ರದ ಪರದೆಯನ್ನು ಬೆರಳಿನಿಂದ ತಟ್ಟಿದ. “ಇದನ್ನು ಆಫ್ ಮಾಡ್ತೇನೆ ಅಣ್ಣ. ಹಳೇ ಕಾಲದ ಹಾಗೆ ನಿಮ್ಮ ಗುಂಡನ್ನೇ ನಂಬಿ ಹೋಗುವ. ನಿಮ್ಮ ಫ್ರೆಂಚಣ್ಣನಿಗೂ ಸಮಾಧಾನ ಆಗ್ಲಿ.”

ನಾನು ಬೇಡವೆನ್ನಬಹುದಿತ್ತು. ಆ ನೀರು ವಾಸುವಿಗೆ ಅಂಗೈಯಷ್ಟು ಪರಿಚಿತ, ಅಲ್ಲಿ ದಿಬ್ಬಗಳಿಗೆಲ್ಲ ಗುರುತಿನ ಕಂಬಗಳಿವೆ, ದೋಣಿ ನಡಿಗೆಯ ವೇಗದಲ್ಲಿತ್ತು. ಅಲ್ಲದೆ ನನಗೂ ಆಸೆಯಾಯಿತು. ಪರದೆ ಕಪ್ಪಾಯಿತು.

ಮೊದಲ ಸಲ ಗುಂಡು ಬಿಟ್ಟೆ. ಹಗ್ಗ ಕೈಯಲ್ಲಿ ಓಡಿ ನಿಂತಿತು. “ಪತ್ತ್,” ಎಂದು ಕೂಗಿದೆ, ಹತ್ತು ಮಾರು. “ಪತ್ತ್,” ಎಂದು ವಾಸು ಮರುಕೂಗು ಕೊಟ್ಟ. ಅವನ ದನಿಯಲ್ಲಿದ್ದ ನಗು ಹೋಗಿತ್ತು, ನನ್ನ ದನಿಯಲ್ಲೂ. ಎರಡನೆಯ ಸಲವೂ ಹತ್ತೇ. ಗುಂಡಿನ ತಳದಲ್ಲಿ ಬೂದು ಕೆಸರು ಅಂಟಿತ್ತು. ಹವಳವಿದ್ದ ಕಡೆ ಕೆಸರು ಬರುವುದಿಲ್ಲ. ನೀರು ಸರಿಯಾಗಿದೆ ಎಂದು ಮನಸ್ಸು ಹಗುರವಾಯಿತು.

ಮೂರನೆಯ ಸಲ ಬಿಟ್ಟು “ಪತ್ತ್” ಎಂದು ಕೂಗಿ, ಗುಂಡನ್ನು ಮೇಲೆಳೆದುಕೊಂಡು ಮರುಕೂಗಿಗೆ ಕಾದೆ.

ಅದು ಹಿಂದಿನಿಂದ ಬರಲಿಲ್ಲ. ಬಲಗಡೆಯ ಹೊಗೆಯೊಳಗಿನಿಂದ, ನೀರಿನ ಮಟ್ಟದಿಂದ ಬಂತು. “ಐನ್.” ಐದು ಮಾರು.

ನನ್ನದೇ ದನಿ. ಧ್ವನಿಮುದ್ರಣದಲ್ಲಿ ತನ್ನ ದನಿಯನ್ನು ಮೊದಲ ಬಾರಿ ಕೇಳಿದವನಿಗೆ ಆಗುವ ಮುಜುಗರವೇ ನನಗೆ ಆ ಕ್ಷಣ ಮೊದಲು ಆದದ್ದು. ಹೆದರಿಕೆ ಅನಂತರ ಬಂತು. ಮಂಜಿಯಲ್ಲಿದ್ದಾಗಿನ ನನ್ನ ಎಳೆಯ ಗಂಟಲಲ್ಲ ಅದು, ಈಗಿನ ಸವೆದ ಗಂಟಲೇ. ಅಕ್ಷರದ ಕೊನೆಯನ್ನು ಎಳೆಯುವ ನನ್ನ ರೂಢಿಯೂ ಅದರಲ್ಲಿತ್ತು. ನನ್ನ ಬಾಯಿ ಮುಚ್ಚಿತ್ತು. ಇದನ್ನು ಮಾತ್ರ ನಾನು ಯಾವ ಆಣೆಯ ಮೇಲೂ ಹೇಳಬಲ್ಲೆ. ವಾಸು ಅಣಕಿಸುತ್ತಿದ್ದಾನೆ ಎಂದುಕೊಂಡೆ. ಆಗ ಹಿಂದಿನಿಂದ ವಾಸುವಿನ ಸ್ವಂತ ದನಿ, ಬಿಗಿಯಾಗಿ, ಕರ್ತವ್ಯದಂತೆ ಬಂತು: “ಐನ್.” ಮರುಕ್ಷಣ ದೋಣಿ ಹೊರಸಮುದ್ರದ ಕಡೆಗೆ, ಎಡಕ್ಕೆ ವಾಲಿತು.

ತಿರುಗಿ ನೋಡಿದೆ. ಎಡಗಡೆ, ನಮಗೂ ಹೊರಸಮುದ್ರಕ್ಕೂ ನಡುವೆ, ಹೊಗೆಯೊಳಗೆ ದಿಬ್ಬವೊಂದರ ಗುರುತಿನ ಕಂಬ ಕಾಣಿಸಿತು. ಅದು ಇರಬೇಕಾದದ್ದಕ್ಕಿಂತ ತೀರ ಹತ್ತಿರದಲ್ಲಿತ್ತು. ಅದರ ಬುಡದಲ್ಲಿ ನೀರು ತೆಳು ಹಸಿರಾಗಿ, ಇಳಿತಕ್ಕೆ ಮೇಲೆದ್ದ ಹವಳದ ಮೇಲೆ ಸದ್ದಿಲ್ಲದೆ ಬಿಳಿಯಾಗಿ ಒಡೆಯುತ್ತಿತ್ತು. ದಿಯಾಳ ಬೆನ್ನು ಆ ಕಡೆಗಿತ್ತು. ದೋಣಿ ಬಡಿದರೆ ಅವಳು ಮೊದಲು ಬೀಳುವುದು ಅದರ ಮೇಲೆಯೇ.

ಕೂಗಲು ಹೊರಟವನು ತಡೆದುಕೊಂಡೆ. ನಾನು ಕೂಗಿದರೆ ಆ ಕಡೆಯಿಂದಲೂ ಏನೋ ಕೂಗಬಹುದು, ವಾಸು ಯಾವುದನ್ನು ಕೇಳುತ್ತಾನೋ ಎಂಬ ಯೋಚನೆ ಅಷ್ಟು ಸಣ್ಣ ಕ್ಷಣದಲ್ಲೂ ಬಂತು. ಎಡಗೈಯಲ್ಲಿ ದಿಯಾಳ ರಟ್ಟೆ ಹಿಡಿದು ಒಳಕ್ಕೆಳೆದೆ. ಬಲಗೈಯಿಂದ ಗುಂಡನ್ನು ವಾಸುವಿನ ಮುಂದಿನ ಗಾಜಿಗೆ ಬೀಸಿ ಹೊಡೆದೆ. ಗಾಜು ಒಡೆದ ಸದ್ದಿಗೆ ಅವನು ತಲೆಯೆತ್ತಿದ, ನನ್ನ ಕೈಸನ್ನೆ ನೋಡಿದ, ಎಂಜಿನ್ನನ್ನು ಹಿಂದಕ್ಕೆ ಹಾಕಿದ. ದೋಣಿ ನಡುಗಿ ನಿಂತಿತು. ಮೂತಿಯ ಕೆಳಗೆ ಹವಳದ ಕೊಂಬೆಗಳು ಕೈಗೆಟಕುವಂತೆ ಕಾಣುತ್ತಿದ್ದವು.

ಹಿಂದಕ್ಕೆ ಸರಿದು ಆಳದ ನೀರಿಗೆ ಬಂದ ಮೇಲೆ ವಾಸು ಆಳದ ಯಂತ್ರವನ್ನು ಮತ್ತೆ ಹಾಕಿದ. ಅದು ಹತ್ತು ಮಾರಿನ ಆಳವನ್ನೇ ತೋರಿಸಿತು. ಅವನ ಕೆನ್ನೆಯಲ್ಲಿ ಗಾಜಿನ ಚೂರು ತಾಗಿ ರಕ್ತ ಬರುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

“ನೀವೇ ಅಲ್ವಾ ಅಣ್ಣ ಐದು ಅಂದದ್ದು?” ಎಂದ.

“ನಾನು ಹತ್ತು ಅಂದೆ.”

“ಹತ್ತು ಅಂದ್ರಿ. ಆಮೇಲೆ ಐದು ಅಂದ್ರಿ. ನಿಮ್ಮ ದನಿ ನನಗೆ ಗೊತ್ತಿಲ್ವಾ?”

ನಾನು ಆಣೆ ಮಾಡಲು ಬಾಯಿ ತೆರೆದೆ. ಆ ಮಾತು ಇದಕ್ಕೆ ಮೊದಲು ಯಾರ ಬಾಯಲ್ಲಿ ಬಂದಿತ್ತು ಎಂಬುದು ನೆನಪಾಯಿತು. ವಾಸುವನ್ನು ಯಾವ ಕುಲೀನನೂ ಕೊಂಡಿರಲಿಲ್ಲ. ಅವನು ಕೇಳಿದ್ದನ್ನೇ ಹೇಳುತ್ತಿದ್ದ. ನಾನೂ ನಡೆದದ್ದನ್ನೇ ಹೇಳುತ್ತಿದ್ದೆ.

ದಿಯಾ ದಡ ಸೇರುವವರೆಗೂ ನನ್ನ ಕೈ ಬಿಡಲಿಲ್ಲ. ರಟ್ಟೆಯ ಮೇಲೆ ನನ್ನ ಬೆರಳುಗಳು ಮೂಡಿಸಿದ ಗುರುತು ಬಹಳ ದಿನ ಇತ್ತು. ಅವಳಿಗೆ ಏನು ಕೇಳಿಸಿತೆಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಆಮೇಲೆ ನಾನು ಮಾಡಬೇಕಾದ ವಿಚಾರಣೆಯನ್ನೆಲ್ಲ ಮಾಡಿದೆ. ಪ್ರತಿಧ್ವನಿಯೆಂದರೆ ಅದು ಹತ್ತನ್ನು ಐದು ಮಾಡುವುದಿಲ್ಲ. ವಾಸುವಿನ ತಮಾಷೆಯೆಂದರೆ, ತನ್ನ ದೋಣಿಯನ್ನೇ ಒಡೆಯುವ ತಮಾಷೆಯನ್ನು ಯಾರೂ ಮಾಡುವುದಿಲ್ಲ. ಆ ಕಥೆಯನ್ನೇ ಬಹುಕಾಲ ತಲೆಯಲ್ಲಿಟ್ಟುಕೊಂಡಿದ್ದ ಮುದುಕನೊಬ್ಬ ತನಗರಿವಿಲ್ಲದೆ ಐದು ಎಂದು ಕೂಗಿರಬಹುದು. ಇದು ಎಲ್ಲಕ್ಕಿಂತ ಸಮಂಜಸ. ಬೇರೆಯವರ ವಿಷಯದಲ್ಲಾದರೆ ನಾನು ಇದನ್ನೇ ಹೇಳುತ್ತಿದ್ದೆ. ಆದರೆ ದನಿ ಬಂದದ್ದು ನೀರಿನ ಕಡೆಯಿಂದ.

ಉಪನ್ಯಾಸ ಕೊಡಲಿಲ್ಲ. ಆರೋಗ್ಯ ಸರಿಯಿಲ್ಲವೆಂದು ತಿಳಿಸಿದೆ. ಆ ಕಪ್ತಾನನ ಪರವಾಗಿ ನಾನು ಕಟ್ಟಿದ್ದ ವಾದದಲ್ಲಿ ಅವನು ಹೇಳಿದ ಒಂದೇ ಒಂದು ಮಾತನ್ನು ನಾನೂ ನಂಬಿರಲಿಲ್ಲ. ನಕ್ಕ ನ್ಯಾಯಾಧೀಶರ ಸಾಲಿನಲ್ಲೇ ನನ್ನ ಕುರ್ಚಿಯೂ ಇತ್ತು. ಅವನು ಕೊನೆಗಾಲದಲ್ಲಿ ಮಾತು ನಿಲ್ಲಿಸಿದ ಎಂಬ ಸಾಲನ್ನು ಈಗ ಮತ್ತೆ ಮತ್ತೆ ಓದುತ್ತೇನೆ. ನಾನು ಮಾತು ನಿಲ್ಲಿಸಿಲ್ಲ. ಆದರೆ ಗಟ್ಟಿಯಾಗಿ ಯಾರನ್ನೂ ಕೂಗುವುದಿಲ್ಲ. ಊಟಕ್ಕೆ ಕರೆಯಬೇಕಾದರೂ ಕೋಣೆಯವರೆಗೆ ನಡೆದು ಹೋಗುತ್ತೇನೆ. ಮಗಳು ಇದನ್ನು ಮುಪ್ಪಿನ ಸೌಮ್ಯತೆಯೆಂದು ತಿಳಿದಿದ್ದಾಳೆ.

ಇನ್ನೊಂದನ್ನು ಹೇಳದೆ ಮುಗಿಸಿದರೆ ಅಪ್ರಾಮಾಣಿಕತೆಯಾಗುತ್ತದೆ. ನಾನು ಎಳೆದಾಗ ದಿಯಾಳ ಕೈಯಿಂದ ಫೋನು ದೋಣಿಯೊಳಗೇ ಬಿದ್ದಿತ್ತು, ಹಾಳಾಗಲಿಲ್ಲ. ಮೂರನೆಯ ಕೂಗಿನ ಹೊತ್ತಿಗೆ ಅದು ನನ್ನ ಮುಖವನ್ನೇ ನೋಡುತ್ತಿತ್ತು. ನನ್ನ ತುಟಿ ಅಲುಗಿತೋ ಇಲ್ಲವೋ, ದನಿ ಅದರಲ್ಲಿದೆಯೋ ಇಲ್ಲವೋ, ಒಂದು ನಿಮಿಷದಲ್ಲಿ ತಿಳಿಯಬಹುದು. ಮೂಲ ಸಾಕ್ಷ್ಯವನ್ನು ತಾನೇ ನೋಡದೆ ತೀರ್ಪು ಕೊಟ್ಟವರನ್ನು ಬದುಕಿಡೀ ಹಳಿದವನು ನಾನು. ಕಳೆದ ತಿಂಗಳು ಹೊಸ ಫೋನು ಕೊಂಡಾಗ ದಿಯಾ ನನ್ನ ಪಕ್ಕ ಬಂದು ಕುಳಿತಳು. “ಅಜ್ಜ, ಆ ವಿಡಿಯೋ ಇನ್ನೂ ಇದೆ. ಪ್ಲೇ ಮಾಡ್ಲಾ, ಡಿಲೀಟ್ ಮಾಡ್ಲಾ?” ಎಂದು ಮೆಲ್ಲಗೆ ಕೇಳಿದಳು.

ಎರಡೂ ಬೇಡವೆಂದು ಕೈಸನ್ನೆ ಮಾಡಿದೆ.